ಫೇರ್ ಕಾಪಿಯಲ್ಲಿ ಬಂದ ಬೆಂಕಿ ರೋಗ

ಕೊರೊನಾ ಇಳಿದು ಕಾಲೇಜುಗಳೆಲ್ಲ ಪೂರ್ತಿ ಬಾಗಿಲು ತೆರೆದ ವರ್ಷ ಅದು. ನಾನಾಗ ಶಿರಸಿಯ ಒಂದು ಕೃಷಿ ಸಂಶೋಧನಾ ಘಟಕದಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಕ್ಷೇತ್ರ ಸಹಾಯಕ ಎಂದರೆ ವಿಜ್ಞಾನಿಯಲ್ಲ. ವಿಜ್ಞಾನಿ ಕುರ್ಚಿಯಲ್ಲಿ ಕೂತು ಯೋಚಿಸಿದ್ದನ್ನು ಗದ್ದೆಗೆ ಇಳಿದು ಮಾಡುವವನು. ಹಗ್ಗ ಹಿಡಿದು ಗದ್ದೆಯನ್ನು ಪಟ್ಟಿಗಳಾಗಿ ಅಳೆಯುವುದು, ಗೂಟ ಹೊಡೆಯುವುದು, ತೆನೆ ಎಣಿಸುವುದು, ಎಣಿಸಿದ್ದನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಇಡೀ ಕಚೇರಿಯಲ್ಲಿ ಅದಕ್ಕೆ ಹೆಸರಿತ್ತು. ಆ ಹೆಸರೇ ನನ್ನನ್ನು ಹಾಳು ಮಾಡಿತು ಎಂದು ಈಗ ಅನ್ನಿಸುತ್ತದೆ.

ಈ ಪುಸ್ತಕದ ವಿಷಯ ಮೊದಲು ಹೇಳಿಬಿಡುತ್ತೇನೆ. ಗದ್ದೆಗೆ ಒಯ್ಯುವ ಪುಸ್ತಕಕ್ಕೆ ಕೆಸರು ಮೆತ್ತುತ್ತದೆ, ಮಳೆ ಹನಿ ಬೀಳುತ್ತದೆ, ಕಾಲಿಗೆ ಕಚ್ಚಿದ ಇಂಬಳದ ರಕ್ತವೂ ಹತ್ತುತ್ತದೆ. ಅದು ರಫ್ ಪುಸ್ತಕ. ಹಂಗಾಮು ಮುಗಿದ ಮೇಲೆ ಅದರಲ್ಲಿದ್ದುದನ್ನು ಹೊಸ ಪುಸ್ತಕಕ್ಕೆ ಅಂದವಾಗಿ ಇಳಿಸುತ್ತೇವೆ. ಅದು ಫೇರ್ ಕಾಪಿ. ತಪಾಸಣೆಗೆ ಬಂದವರು ನೋಡುವುದು ಅದನ್ನೇ. ರಫ್ ಪುಸ್ತಕ ರದ್ದಿಗೆ ಹೋಗುತ್ತದೆ. ಈ ಪದ್ಧತಿ ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾನು ಸೇರುವ ಮುಂಚಿನಿಂದ ಇತ್ತು. ಗದ್ದೆಯಲ್ಲಿ ಕಂಡದ್ದು ಮೇಜಿನ ಮೇಲೆ ಬರುವಷ್ಟರಲ್ಲಿ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟಿರುತ್ತಿತ್ತು. ನಾನೂ ಸಾಚಾ ಅಲ್ಲ. ಮಳೆ ಅಳೆಯಲು ಹೋಗದ ದಿನ ಹಿಂದಿನ ದಿನದ ಅಂಕಿಯನ್ನೇ ತುಸು ತಿದ್ದಿ ಬರೆದದ್ದುಂಟು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷ ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ಶಾಹಿನಾ. ಶಿರಸಿ ಪೇಟೆಯ ಹುಡುಗಿ. ಅಪ್ಪ ಲಾರಿ ಓಡಿಸುತ್ತಿದ್ದರು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಭತ್ತದ ಬೆಂಕಿ ರೋಗ ಅವಳ ವಿಷಯ. ಈ ರೋಗ ಬಂದರೆ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ ಏಳುತ್ತದೆ. ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ತುಂಬದೆ ಬರೀ ಜೊಳ್ಳಾಗುತ್ತದೆ. ದೂರದಿಂದ ನೋಡಿದರೆ ಗದ್ದೆಗೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೇ ಆ ಹೆಸರು.

ಅವಳ ಗೈಡ್ ನಮ್ಮ ಘಟಕದ ಮುಖ್ಯಸ್ಥರು. ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಅವರು ಒಂದು ಜೈವಿಕ ಪುಡಿ ತಯಾರಿಸಿದ್ದರು. ಅದು ಬೆಂಕಿ ರೋಗ ತಡೆಯುತ್ತದೆ ಎಂದು ತೋರಿಸಿದರೆ ಸುತ್ತಲಿನ ತಾಲೂಕುಗಳ ರೈತರಿಗೆಲ್ಲ ಶಿಫಾರಸು ಮಾಡಬಹುದಿತ್ತು. ಪರೀಕ್ಷೆ ಮಾಡುವುದು ಶಾಹಿನಾಳ ಪಾಲಿಗೆ ಬಂತು. ಸಿದ್ದಾಪುರದ ಕೋಲಸಿರ್ಸಿ, ಬಿಳಗಿ, ಮತ್ತೆ ಶಿರಸಿಯಿಂದ ಬನವಾಸಿ ಕಡೆ ಹೋಗುವ ದಾರಿಯ ದಾಸನಕೊಪ್ಪ, ಈ ಮೂರು ಊರಲ್ಲಿ ಒಬ್ಬೊಬ್ಬ ರೈತರ ಗದ್ದೆ ಆರಿಸಿದೆವು. ಪ್ರತಿ ಗದ್ದೆಯಲ್ಲಿ ಮೂರು ಪಟ್ಟಿ. ಒಂದಕ್ಕೆ ದೊಡ್ಡ ಸರ್ ಪುಡಿ, ಒಂದಕ್ಕೆ ಪೇಟೆಯಲ್ಲಿ ಸಿಗುವ ಹಳೇ ಔಷಧ, ಇನ್ನೊಂದಕ್ಕೆ ಏನೂ ಇಲ್ಲ. ಏನೂ ಹಾಕದ ಆ ಪಟ್ಟಿಗೆ ಕಂಟ್ರೋಲ್ ಎನ್ನುತ್ತಾರೆ. ಅದರಲ್ಲಿ ರೋಗ ಎಷ್ಟು ಬಂತು ಎಂದು ನೋಡಿದರೆ ತಾನೆ ಉಳಿದವು ಎಷ್ಟು ತಡೆದವು ಎಂದು ಗೊತ್ತಾಗುವುದು. ಅಂದರೆ ನೇರವಾಗಿ ಹೇಳಬೇಕೆಂದರೆ, ಅದು ರೋಗ ಬರಲಿ ಎಂದೇ ಬಿಟ್ಟ ಪಟ್ಟಿ.

ಹೀಗೆ ನೇರವಾಗಿ ನಾನು ಯಾರಿಗೂ ಹೇಳಿರಲಿಲ್ಲ.

ದಾಸನಕೊಪ್ಪದ ಗದ್ದೆ ನೀಲವ್ವನದು. ಗಂಡ ಇದ್ದರೂ ಗದ್ದೆಯ ಮಾತೆಲ್ಲ ಅವಳದೇ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಎರಡು ಪುಟ. ನಾನು ಬದುವಿನ ಮೇಲೆ ನಿಂತು ಎರಡು ನಿಮಿಷದಲ್ಲಿ ಸಹಿ ಹಾಕಿಸಿಕೊಂಡೆ. ರಸ್ತೆ ಬದಿಯ ಪಟ್ಟಿ ತೋರಿಸಿ, "ಇದಕ್ಕೆ ಏನೂ ಹಾಕಬೇಡಿ" ಎಂದೆ.

"ಯಾಕ್ರೀ ಸರ?" ಎಂದು ಕೇಳಿದಳು.

"ಸಾಹೇಬರು ಹೇಳಿದ್ದಾರೆ" ಎಂದೆ.

ಎಂಥ ಉತ್ತರ ನೋಡಿ! ಮೂವತ್ತು ವರ್ಷ ಇದೇ ಉತ್ತರ ಕೊಟ್ಟುಕೊಂಡು ಬಂದಿದ್ದೆ. ರಸ್ತೆ ಬದಿಯ ಪಟ್ಟಿಯನ್ನೇ ಆರಿಸಿದ್ದೂ ನಮ್ಮ ಅನುಕೂಲಕ್ಕೆ, ಜೀಪು ಇಳಿದರೆ ಎದುರಿಗೇ ಸಿಗಲಿ ಅಂತ. ಹೊಡೆದು ಉಳಿದ ಹಳೇ ಔಷಧದ ಬಾಟಲಿಯನ್ನು, ಮತ್ತೆ ಹೊತ್ತು ತರುವುದು ಯಾಕೆಂದು, ನೀಲವ್ವನ ಕೊಟ್ಟಿಗೆಯ ಅಟ್ಟದಲ್ಲೇ ಇಟ್ಟು ಬಂದೆ.

ಭೂಮಿ ಹುಣ್ಣಿಮೆ ಕಳೆದು ಎರಡು ವಾರಕ್ಕೆ ತೆನೆ ಎಣಿಸಲು ಹೊರಟೆವು. ಕೋಲಸಿರ್ಸಿಯಲ್ಲಿ ಪುಡಿ ಹಾಕಿದ ಪಟ್ಟಿಯಲ್ಲಿ ನೂರು ತೆನೆಗೆ ಹತ್ತೊಂಬತ್ತು ರೋಗದ್ದು, ಏನೂ ಹಾಕದಲ್ಲಿ ಇಪ್ಪತ್ತೊಂದು. ಬಿಳಗಿಯಲ್ಲಿ ಇಪ್ಪತ್ತನಾಲ್ಕು ಮತ್ತು ಇಪ್ಪತ್ತೈದು. ಪುಡಿ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಬಿಳಗಿಯ ರೈತರು ಹಾಸ್ಯದ ಮನುಷ್ಯ. ಬದುವಿನಲ್ಲಿ ಕೂತು ನೋಡುತ್ತಿದ್ದವರು, "ಎಂತಾ ಮಾರಾಯಾ, ನಿಂಗ್ಳ ಪುಡಿಗಿಂತ ಆನು ಎಂತೂ ಮಾಡದ್ದೇ ಚಲೋ ಇದ್ದಲಾ!" ಎಂದರು. ಶಾಹಿನಾ ನಗಲಿಲ್ಲ.

ದಾಸನಕೊಪ್ಪದಲ್ಲಿ ಜೀಪು ಇಳಿದವಳು ನಿಂತಲ್ಲೇ ನಿಂತಳು. ರಸ್ತೆ ಬದಿಯ ಕಂಟ್ರೋಲ್ ಪಟ್ಟಿ ತಲೆದೂಗುತ್ತ ನಿಂತಿತ್ತು. ಇಡೀ ಗದ್ದೆಯಲ್ಲಿ ಅದೇ ಚೆಂದ! ಎಣಿಸಿದೆವು. ನೂರಕ್ಕೆ ಎಂಟು. ಪಕ್ಕದ ಪುಡಿಯ ಪಟ್ಟಿಯಲ್ಲಿ ಇಪ್ಪತ್ತೆರಡು.

ಅಷ್ಟರಲ್ಲಿ ನೀಲವ್ವ ಬಂದಳು. ಶಾಹಿನಾ ಕೇಳುವ ಮೊದಲೇ, "ನಾನ ಹೊಡದೇನ್ರಿ ಔಷಧಾ" ಎಂದಳು. ದನಿಯಲ್ಲಿ ಅಳುಕಿರಲಿಲ್ಲ. "ಎಲಿ ಮ್ಯಾಲೆ ಚುಕ್ಕಿ ಎದ್ದಿದ್ವು. ಬಸ್ಸಿನಾಗ ಹೋಗೋರು, ನೀಲವ್ವನ ಗದ್ದಿಗೆ ಏನ್ ಬಡೀತು ಅಂತ ಕೇಳಾಕ ಹತ್ತಿದ್ರು. ಅದನ್ನ ಬೇಕಾರ ತಡಕೋತಿದ್ದೆ. ಆದ್ರ ಹುಣ್ಣಿಮಿ ಎಂಟ್ ದಿನ ಉಳದಿತ್ರಿ."

ನಮ್ಮ ಕಡೆ ಗೊತ್ತಿರುವ ಮಾತೇ ಇದು. ಭೂಮಿ ಹುಣ್ಣಿಮೆ ಹೊತ್ತಿಗೆ ಪೈರು ಗರ್ಭ ಕಟ್ಟಿರುತ್ತದೆ. ಬಸುರಿ ಹೆಂಗಸಿಗೆ ಬಯಕೆ ಊಟ ಬಡಿಸುವ ಹಾಗೆ ಅಂದು ಗದ್ದೆಗೆ ಬಡಿಸುತ್ತಾರೆ. ಬೆರಕೆ ಸೊಪ್ಪು, ಕಡುಬು, ಅನ್ನ ಎಲ್ಲ ಕಲಸಿದ ಚರಗವನ್ನು ಮೂಲೆ ಮೂಲೆಗೂ ಬೀರುತ್ತಾರೆ. ಒಂದು ಮೂಲೆ ಬಿಟ್ಟರೂ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

"ಬಸುರಿ ಇಬ್ಬರು ಬಾಜೂ ಬಾಜೂ ಕುಂತಾರಂತ ತಿಳೀರಿ," ಎಂದಳು ನೀಲವ್ವ. "ಒಬ್ಬಾಕಿಗೆ ಔಷಧಾ ಕುಡಿಸಿ, ಇನ್ನೊಬ್ಬಾಕಿ ನರಳಾಡೂದನ್ನ ನೋಡ್ಕೋತ ಕುಂಡ್ರಂದ್ರ ಹೆಂಗ್ರಿ? ಬಾಟ್ಲಿ ಅಟ್ಟದ ಮ್ಯಾಲ ಐತಿ. ನನ್ನ ಕೈಲೆ ಆಗ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಒಂದು ವರ್ಷದ ಕೆಲಸ ಹಾಳು ಮಾಡಿದಿರಲ್ಲಮ್ಮಾ! ಮುಟ್ಟಬೇಡಿ ಅಂತ ಹೇಳಿರಲಿಲ್ಲವಾ?" ಎಂದು ರೇಗಿದೆ.

ಅವಳು ನನ್ನನ್ನು ಬಿಟ್ಟು ಶಾಹಿನಾಳನ್ನು ನೋಡಿದಳು. "ಯವ್ವಾ, ನೀ ಖರೇ ಹೇಳು. ರೋಗ ಬರ್ಲಿ ಅಂತನ ಇದನ್ನ ಬಿಟ್ಟಿದ್ರೇನು?"

ಶಾಹಿನಾ "ಹೌದಮ್ಮಾ" ಎಂದಳು. ಆಮೇಲೆ ಬದುವಿನ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದಳು. ಯಾಕೆ ಬಿಡಬೇಕು, ಬಿಟ್ಟರೆ ಏನು ತಿಳಿಯುತ್ತದೆ, ಆ ತಿಳಿವಳಿಕೆ ಯಾರಿಗೆ ಬೇಕು. ಕಾಲು ಗಂಟೆಯೂ ಹಿಡಿಯಲಿಲ್ಲ. ನೀಲವ್ವ ಎಲ್ಲ ಕೇಳಿಸಿಕೊಂಡಳು.

"ಇಷ್ಟ ಹೌದಿಲ್ಲೋ? ಇದನ್ನ ಬಿತ್ತೂ ಮುಂದ ಹೇಳಿದ್ರ ಏನಾಗತಿತ್ತು? ಒಪ್ಪತಿದ್ನೋ ಬಿಡತಿದ್ನೋ, ಅದು ನನ್ನ ಮಾತಾಗತಿತ್ತು."

ನಾನು ರಫ್ ಪುಸ್ತಕ ತೆರೆದು ಎಂಟು ಎಂದು ಬರೆದೆ. ಅದರ ಪಕ್ಕ, ಈ ಪಟ್ಟಿಗೆ ಹುಣ್ಣಿಮೆಗೆ ಎಂಟು ದಿನ ಮೊದಲು ಔಷಧ ಹೊಡೆಯಲಾಗಿದೆ, ನಾವು ಕಾರಣ ತಿಳಿಸಿರಲಿಲ್ಲ ಎಂದು ಶಾಹಿನಾ ತಾನೇ ಬರೆದು ಓದಿ ಹೇಳಿದಳು. ನೀಲವ್ವ ಸಹಿ ಮಾಡಿದಳು. ಹೆಬ್ಬೆರಳಿನ ಕೆಸರು ಅಕ್ಷರದ ಮೇಲೆಯೇ ಹತ್ತಿತು.

ದೊಡ್ಡ ಸರ್ ಪುಸ್ತಕ ನೋಡಿ ಮೊದಲು ನಕ್ಕರು. "ಕಂಟ್ರೋಲ್ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆಯೇನ್ರೀ!" ಎಂದರು. ಆಮೇಲೆ ನಗು ನಿಂತಿತು. ದಾಸನಕೊಪ್ಪವನ್ನು ಕೈಬಿಟ್ಟು ಉಳಿದ ಎರಡೇ ಊರಿನ ಅಂಕಿ ಇಟ್ಟರೆ ಪುಡಿಯ ಬಣ್ಣ ಬಯಲು. ಪೆನ್ನು ಆಡಿಸುತ್ತ ನನ್ನ ಕಡೆ ತಿರುಗಿದರು. "ನಾಯ್ಕರೇ, ಪುಸ್ತಕ ಪೂರಾ ಒದ್ದೆಯಾಗಿದೆ. ಫೇರ್ ಕಾಪಿ ಮಾಡಿ. ದಾಸನಕೊಪ್ಪದ ಕಂಟ್ರೋಲ್ ನಲವತ್ತಾರು."

"ನಲವತ್ತಾರು ಎಲ್ಲಿಂದ ಬಂತು ಸರ್?" ಎಂದು ಶಾಹಿನಾ ಕೇಳಿದಳು.

"ಆ ಹೆಂಗಸು ಔಷಧ ಹೊಡೆಯದಿದ್ದರೆ ಅಷ್ಟೇ ಬರುತ್ತಿತ್ತು. ನಾವು ಸುಳ್ಳು ಬರೆಯುತ್ತಿಲ್ಲ, ಅವಳು ಕೆಡಿಸಿದ್ದನ್ನು ಸರಿ ಮಾಡುತ್ತಿದ್ದೇವೆ. ಮೂರು ತಿಂಗಳಲ್ಲಿ ನಿನ್ನ ಪ್ರಬಂಧ ಹೋಗಬೇಕಲ್ಲ?"

ಎಷ್ಟು ಸಲೀಸಾಗಿ ಹೇಳಿದರು! ಆ ಒಂದು ಅಂಕಿ ಸೇರಿಸಿ ಸರಾಸರಿ ತೆಗೆದರೆ ಪುಡಿಯಿಂದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ರೋಗ ಕಡಿಮೆಯಾದ ಹಾಗೆ ಕಾಣುತ್ತದೆ. ನಾಳೆ ಅದನ್ನು ನಂಬಿ ಗದ್ದೆಗೆ ಹಾಕುವವರು ಯಾರು? ದೊಡ್ಡ ಸರ್ ಅಲ್ಲ, ನೀಲವ್ವನಂಥವರು. ಮಾತಿನಲ್ಲೇ ಬೆದರಿಕೆಯೂ ಇತ್ತು. ಗೈಡ್ ಸಹಿ ಇಲ್ಲದೆ ಪ್ರಬಂಧ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಅವಳ ಶಿಷ್ಯವೇತನವೂ ಆ ವರ್ಷಕ್ಕೇ ಕೊನೆ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಪಿಎಚ್.ಡಿ. ಮಾಡುವವರಿಗೆ ಸಂಶೋಧನೆಯ ನೀತಿ ಎಂಬ ಒಂದು ಕಡ್ಡಾಯ ಪೇಪರ್ ಇದೆ. ಅಂಕಿ ಸೃಷ್ಟಿಸಬಾರದು, ತಿದ್ದಬಾರದು, ಕದಿಯಬಾರದು ಎಂದು ಅದರಲ್ಲಿ ಕಲಿಸುತ್ತಾರೆ. ಆ ಪೇಪರ್ ಕಲಿಸುತ್ತಿದ್ದವರು ದೊಡ್ಡ ಸರ್. ಶಾಹಿನಾಗೆ ತರಗತಿಯಲ್ಲೇ ಹೆಚ್ಚು ಅಂಕ ಕೊಟ್ಟವರೂ ಅವರೇ! ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ನೀತಿ ಗೊತ್ತಿಲ್ಲದವನು ತಪ್ಪು ಮಾಡಿದರೆ ತಿದ್ದಬಹುದು. ನೀತಿಯನ್ನು ಪಾಠ ಮಾಡಿ, ಪ್ರಶ್ನೆ ಪತ್ರಿಕೆ ತೆಗೆದು, ಉತ್ತರ ತಿದ್ದಿದವರಿಗೆ ಏನು ಹೇಳುವುದು? ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಹಾಗಾದರೆ ನೀನು ಏನು ಮಾಡಿದೆ ಎಂದು ನೀವು ಕೇಳಬೇಕು. ನಾನು ಬರೆದೆ. ಒಂದು ಭಾನುವಾರ ಮಧ್ಯಾಹ್ನ, ಕೋಲಸಿರ್ಸಿಯ ನನ್ನ ಮನೆಯ ಜಗಲಿಯಲ್ಲಿ ಕೂತು, ಗೆರೆ ಎಳೆದು, ಶಾಯಿ ಎಲ್ಲೂ ಹರಡದ ಹಾಗೆ, ನಲವತ್ತಾರು ಎಂದು ಬರೆದೆ. ನನ್ನ ಪಿಂಚಣಿಯ ಕಾಗದ ದೊಡ್ಡ ಸರ್ ಮೇಜಿನ ಮೇಲಿಂದಲೇ ಹೋಗಬೇಕು ಎನ್ನುವುದು ತಲೆಯಲ್ಲಿತ್ತು. ಬರೆಯುವವನು ನಾನಾದರೂ ಅಂಕಿ ಅವರದು ಎಂದೂ ಸಮಾಧಾನ ಹೇಳಿಕೊಂಡೆ. ಹೀಗೆ ಹೇಳಿಕೊಳ್ಳುವುದು ಎಷ್ಟು ಸುಲಭ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸೋಮವಾರ ಬೆಳಿಗ್ಗೆ ಶಾಹಿನಾ ಫೇರ್ ಕಾಪಿ ತೆಗೆದುಕೊಳ್ಳಲು ಬಂದಳು. ಅವಳು ಒಪ್ಪಿದ್ದಾಳೆ, ಇನ್ನೇನು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೊಂದೇ ಪುಟ ತಿರುಗಿಸಿದಳು. ದಾಸನಕೊಪ್ಪದ ಪುಟಕ್ಕೆ ಬಂದು, ಅಂಕಿಯ ಮೇಲೆ ಬೆರಳಿಟ್ಟು ಕೇಳಿದಳು.

"ನಾಯ್ಕ ಸರ್, ಇದರಲ್ಲಿ ನೀಲವ್ವನ ಸಹಿ ಎಲ್ಲಿ ಹಾಕಿಸೋಣ?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅತ್ತಿದ್ದರೆ ಬುದ್ಧಿ ಹೇಳುತ್ತಿದ್ದೆ. ಅವಳು ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಆ ಪುಟವನ್ನು ಒಯ್ದು ನೀಲವ್ವನ ಮುಂದೆ ಓದಿ ಸಹಿ ಹಾಕಮ್ಮಾ ಎನ್ನುವುದನ್ನು ಊಹಿಸಲು ಹೋದೆ, ಆಗಲಿಲ್ಲ. ರದ್ದಿಗೆ ಹಾಕಬೇಕಿದ್ದ ರಫ್ ಪುಸ್ತಕ ಇನ್ನೂ ನನ್ನ ಚೀಲದಲ್ಲಿತ್ತು. ಹಾಕದೆ ಉಳಿಸಿದ್ದು ಧೈರ್ಯದಿಂದಲ್ಲ, ಸೋಮಾರಿತನದಿಂದ. ತೆಗೆದು ಅವಳ ಕೈಗೆ ಕೊಟ್ಟೆ.

ಮುಂದಿನ ವಾರ ಅವಳ ಸಲಹಾ ಸಮಿತಿಯ ಸಭೆ. ಸಂಶೋಧನೆ ನೋಡಿಕೊಳ್ಳಲು ಗೈಡ್ ಜೊತೆ ಇನ್ನೂ ಮೂವರು ಅಧ್ಯಾಪಕರು ಇರುತ್ತಾರೆ, ಅವರ ಸಭೆ. ಶಾಹಿನಾ ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ನನ್ನನ್ನು ಕರೆದರು. "ಇದು ನಿಮ್ಮ ಅಕ್ಷರವೇ?" ಎಂದರು. "ಎರಡೂ ನನ್ನದೇ. ಕೆಸರಿರುವುದು ನಿಜ, ಇನ್ನೊಂದು ಹೇಳಿ ಬರೆಸಿದ್ದು" ಎಂದೆ. ಮೂವತ್ತು ವರ್ಷದಲ್ಲಿ ದೊಡ್ಡವರ ಎದುರು ನಾನು ಕೇಳಿಸುವ ಹಾಗೆ ಆಡಿದ ಮಾತು ಅದೊಂದೇ ಇರಬೇಕು. ದೊಡ್ಡ ಸರ್ ಕಿಟಕಿಯ ಕಡೆ ನೋಡುತ್ತಿದ್ದರು.

ನ್ಯಾಯ ಸಿಕ್ಕಿತು ಎಂದು ನೀವು ತಿಳಿದುಕೊಂಡರೆ ಸ್ವಲ್ಪ ತಡೆಯಿರಿ. ದಾಸನಕೊಪ್ಪದ ಅಂಕಿ ಕೈಬಿಟ್ಟರು. ಪುಡಿಯ ಶಿಫಾರಸು ನಿಂತಿತು. ಅಷ್ಟರ ಮಟ್ಟಿಗೆ ಸರಿ. ಆದರೆ ಸಭೆಯ ನಡಾವಳಿಯಲ್ಲಿ ಎಲ್ಲೂ ಸುಳ್ಳು ಎಂಬ ಪದ ಬರಲಿಲ್ಲ. 'ನಕಲು ಮಾಡುವಾಗ ಆದ ವ್ಯತ್ಯಾಸ' ಎಂದು ಬರೆದರು. ಅಂದರೆ ತಪ್ಪು ನನ್ನ ಪೆನ್ನಿನದು! ದೊಡ್ಡ ಸರ್ ಅನಾರೋಗ್ಯದ ಕಾರಣ ಕೊಟ್ಟು ಗೈಡ್ ಸ್ಥಾನ ಬಿಟ್ಟರು. ನೀತಿಯ ಪೇಪರ್ ಮಾತ್ರ ಬಿಡಲಿಲ್ಲ, ಮುಂದಿನ ವರ್ಷವೂ ಅವರೇ ಕಲಿಸಿದರು. ಶಾಹಿನಾಗೆ ಹೊಸ ಗೈಡ್ ಸಿಗಲು ನಾಲ್ಕು ತಿಂಗಳು ಹಿಡಿಯಿತು, ಶಿಷ್ಯವೇತನ ಇಲ್ಲದೆ ಇನ್ನೊಂದು ಹಂಗಾಮು ದುಡಿಯಬೇಕಾಯಿತು. ಕಚೇರಿಯ ದಾಖಲೆ ಹೊರಗೆ ಕೊಟ್ಟೆ ಎಂದು ನನಗೆ ಮೆಮೊ ಬಂತು. ಯಲ್ಲಾಪುರದ ಬೀಜದ ಗೋದಾಮಿಗೆ ಹಾಕಿದರು. ಉಳಿದ ಸೇವೆಯೆಲ್ಲ ಅಲ್ಲಿ ಚೀಲ ಎಣಿಸುತ್ತ ಕಳೆದೆ. ನಿಜ ಹೇಳಿದವರು ದಂಡ ತೆತ್ತರು. ಸುಳ್ಳು ಹೇಳಿಸಿದವರು ಸನ್ಮಾನದ ಶಾಲು ಹೊದ್ದು ನಿವೃತ್ತರಾದರು. ಇದನ್ನು ನುಣ್ಣಗೆ ಹೇಳಲು ನನಗೆ ಬರುವುದಿಲ್ಲ, ಹೇಳುವ ಮನಸ್ಸೂ ಇಲ್ಲ.

ಮರುವರ್ಷ ಹುಣ್ಣಿಮೆಯ ದಿನ ರಜೆ ಹಾಕಿ ದಾಸನಕೊಪ್ಪಕ್ಕೆ ಹೋದೆ. ಶಾಹಿನಾ ಅದೇ ಗದ್ದೆಯಲ್ಲಿ ಮತ್ತೆ ಪರೀಕ್ಷೆ ಇಟ್ಟಿದ್ದಳು. ಈ ಸಲ ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದೇ ಪುಟ, ಬದುವಿನ ಮೇಲೆ ಕೂತು ಓದಿ ಹೇಳಿದ್ದಳಂತೆ. ನೀಲವ್ವ ಎರಡು ದಿನ ಯೋಚಿಸಿ ಒಪ್ಪಿದಳಂತೆ, ಒಂದು ಕರಾರಿನ ಮೇಲೆ. ಆ ಕರಾರು ರಸ್ತೆ ಬದಿಯಲ್ಲೇ ನಿಂತಿತ್ತು. ಬಸ್ಸಿನಿಂದಲೂ ಓದಬಹುದಾದಷ್ಟು ದೊಡ್ಡ ಬೋರ್ಡು. 'ಈ ಪಟ್ಟಿಗೆ ಔಷಧ ಹೊಡೆದಿಲ್ಲ. ರೋಗ ಬಂದರೆ ಬರಲಿ ಎಂದು ತಿಳಿದೇ ಬಿಟ್ಟಿದ್ದೇನೆ. ನೀಲವ್ವ.' ಬೋರ್ಡಿನ ಹಿಂದೆ ಪೈರಿನ ಎಲೆಗಳ ಮೇಲೆ ಚುಕ್ಕೆ ಎದ್ದಿದ್ದವು. ಅವಳು ಮುಟ್ಟಿರಲಿಲ್ಲ. ಚರಗ ಮಾತ್ರ ಆ ಪಟ್ಟಿಗೆ ಎರಡು ಹಿಡಿ ಹೆಚ್ಚು ಬೀರಿದಳು. ಶಾಹಿನಾ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ನಾನು ಮೂವತ್ತು ವರ್ಷದಲ್ಲಿ ನೂರಾರು ಬೋರ್ಡು ನೆಟ್ಟಿದ್ದೇನೆ. ಯೋಜನೆಯ ಹೆಸರು, ಸಂಸ್ಥೆಯ ಹೆಸರು, ಸಾಹೇಬರ ಹೆಸರು ಇರುತ್ತಿತ್ತು. ಗದ್ದೆ ಯಾರದೋ ಅವರ ಹೆಸರು ಒಂದರಲ್ಲೂ ಇರಲಿಲ್ಲ.

ಗದ್ದೆಯ ಅಂಚಿನಲ್ಲಿ ಬಾಳೆ ಎಲೆ ಹಾಸಿ ಊಟಕ್ಕೆ ಕೂರಿಸಿದರು. ಎಲೆಗೆ ಕಡುಬು ಬಿದ್ದಾಗ ಹೇಳಿಬಿಟ್ಟೆ. "ನೀಲವ್ವಾ, ಹೋದ ವರ್ಷ ನಿಮ್ಮ ಪಟ್ಟಿಗೆ ನೂರಕ್ಕೆ ನಲವತ್ತಾರು ರೋಗ ಅಂತ ಫೇರ್ ಕಾಪಿಯಲ್ಲಿ ನಾನೇ ಬರೆದಿದ್ದೆ."

ಬಡಿಸುತ್ತಿದ್ದ ಕೈ ನಿಂತಿತು. "ನನ್ನ ಗದ್ದ್ಯಾಗ ಇಲ್ಲದ ರೋಗ ನೀವು ಬರಕೊಂಡ್ರಿ?"

"ಹೌದು."

ಅವಳು ನನ್ನ ಎಲೆಗೆ ಇನ್ನೊಂದು ಕಡುಬು ಹಾಕಿದಳು. "ಉಣ್ರಿ. ಹಬ್ಬದ ದಿನಾ ಬಂದೀರಿ, ಇನ್ ಮುಂದೂ ಬರ್ರಿ, ಉಣ್ರಿ. ಪುಸ್ತಕಾ ಮಾತ್ರ ತರಬ್ಯಾಡ್ರಿ."

ಮೆಮೊ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಮಾತು ಮಾತ್ರ ಹೋಗಿಲ್ಲ. ನೌಕರಿ ಕೊನೆಗೆ ಕಲಿಸಿದ್ದು ಇಷ್ಟು: ಯಾರ ಗದ್ದೆಯ ಬಗ್ಗೆ ಬರೆದೆವೋ ಅವರ ಎದುರು ಕೂತು ಗಟ್ಟಿಯಾಗಿ ಓದಲಾಗದ್ದನ್ನು ಬರೆಯಬಾರದು. ನೀತಿಯ ಪೇಪರಿನಲ್ಲಿ ಇದಕ್ಕಿಂತ ಹೆಚ್ಚು ಏನಿರುತ್ತದೋ ನನಗೆ ತಿಳಿಯದು. ನನಗೆ ಇಷ್ಟು ಕಲಿಯಲು ಮೂವತ್ತು ವರ್ಷ ಬೇಕಾಯಿತು, ಕಲಿತಾಗ ನನ್ನ ಕೈಗೆ ಪುಸ್ತಕ ಕೊಡುವವರು ಯಾರೂ ಉಳಿದಿರಲಿಲ್ಲ.